ಅಕ್ಕನ ಒಂಟಿ ಆಟ

ಚಾಮರಾಜನಗರದಲ್ಲಿ ನಮ್ಮಂಥ ಅಂಗನವಾಡಿಯವರಿಗೆ ತರಬೇತಿ ಇತ್ತು. ಮಕ್ಕಳಿಗಾಗಿ ಹಳೆಯ ಆಟಗಳನ್ನು ಉಳಿಸುವುದು ಹೇಗೆ ಎನ್ನುವುದು ಆ ದಿನದ ವಿಷಯ. ಅಕ್ಕ ತೀರಿಕೊಂಡು ಮೂರು ತಿಂಗಳಾಗಿತ್ತು. ರಜೆ ಹಾಕಬಹುದಿತ್ತು. ಗುಂಡ್ಲುಪೇಟೆಯ ಮನೆಯಲ್ಲಿ ಕೂತರೆ ಬಂದವರೆಲ್ಲ ಅದೇ ಮಾತು ಎತ್ತುತ್ತಾರೆಂದು ಬಸ್ಸು ಹತ್ತಿದೆ.

ತರಬೇತಿಯ ಮೇಡಂ ಗೋಡೆಯ ಮೇಲೆ ಒಂದು ವಿಡಿಯೊ ತೋರಿಸಿದರು. ಕೆರಿಬಿಯನ್ ಸಮುದ್ರದ ಯಾವುದೋ ದ್ವೀಪವಂತೆ. ವೆಸ್ಟ್ ಇಂಡೀಸ್ ಎಂದರೆ ನನಗೆ ಕ್ರಿಕೆಟ್ಟು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಮರದ ಕೆಳಗೆ ಒಂದು ಬೆಂಚು, ಅದರ ಮೇಲೆ ವಯಸ್ಸಾದ ಇಬ್ಬರು, ಅವರ ನಡುವೆ ನಮ್ಮ ಅಳಗುಳಿ ಮಣೆ! ನಮ್ಮದರಲ್ಲಿ ಸಾಲಿಗೆ ಏಳು ಗುಳಿ, ಅವರದರಲ್ಲಿ ಆರು. ಬೀಜಗಳನ್ನು ಗುಳಿಗೆ ಕುಟ್ಟಿ ಕುಟ್ಟಿ ಹಾಕುತ್ತಿದ್ದರು. ಸುತ್ತ ನಿಂತವರು ಸೋಲುತ್ತಿದ್ದವನನ್ನು ರೇಗಿಸಿ ನಗುತ್ತಿದ್ದರು. ಬೀಜಗಳನ್ನು ಹತ್ತಿರದಿಂದ ತೋರಿಸಿದಾಗ ಕೂತಲ್ಲೇ ಮುಂದಕ್ಕೆ ಬಾಗಿ ನೋಡಿದೆ. ಬೂದು ಬಣ್ಣದ ಗಜ್ಜುಗ. ನಮ್ಮ ಕಡೆ ಬೇಲಿಯ ಮುಳ್ಳುಕಾಯೊಳಗೆ ಸಿಗುವ ಅದೇ ಗಜ್ಜುಗ. ಅಕ್ಕ ಆಡುತ್ತಿದ್ದುದೂ ಅದರಲ್ಲೇ.

'ನೋಡಿ, ಅವರು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ' ಎಂದರು ಮೇಡಂ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಯಾಕೋ ಸಿಟ್ಟು ಬಂತು. ಮುಂದಿನ ತಿಂಗಳು ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಅಪರೂಪದ ಆಟ ಕಲಿತು ಬಂದು ಆಡಿ ತೋರಿಸಬೇಕು ಎಂದಾಗ ಹಿಂದೆಮುಂದೆ ನೋಡದೆ ಕೈ ಎತ್ತಿದೆ. ನಮ್ಮಕ್ಕನ ಒಂಟಿ ಆಟ ತರುತ್ತೇನೆ ಎಂದೆ. ಹೇಳಿ ಕೂತ ಮೇಲಷ್ಟೇ ಯೋಚಿಸಿದೆ. ಆ ಆಟ ನನಗೆ ಬರುವುದೇ ಇಲ್ಲ.

ಅಳಗುಳಿ ಮಣೆಯನ್ನು ಇಬ್ಬರು ಎದುರುಬದುರು ಕೂತು ಆಡುತ್ತಾರೆ. ಅದು ನಮ್ಮ ಕಡೆ ಯಾವ ಹೆಂಗಸಿಗಾದರೂ ಬರುತ್ತದೆ. ಅಕ್ಕನಿಗೆ ಮಾತ್ರ ಒಬ್ಬಳೇ ಆಡುವ ಇನ್ನೊಂದು ಆಟ ಗೊತ್ತಿತ್ತು. ಅದರಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ, ಬೀಜ ಖಾಲಿಯಾಗುವುದೂ ಇಲ್ಲ. ಒಂದು ಗುಳಿಯ ಬೀಜಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚಿಕೊಂಡು ಹೋದರೆ ಮೊದಲಿನ ಜೋಡಣೆಯೇ ಒಂದು ಗುಳಿ ಮುಂದಕ್ಕೆ ಸರಿದಿರುತ್ತಿತ್ತಂತೆ. ಅಜ್ಜಿಯಿಂದ ಕಲಿತದ್ದು. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ನಿಷೇಧ. 'ಒಂಟಿ ಆಟ ಆಡುದ್ರೆ ಒಂಟಿ ಬಾಳು ಕಣಮ್ಮಿ, ಎತ್ತಿಕ್ಕು' ಎಂದು ಅವ್ವ ಗದರುತ್ತಿದ್ದಳು. ನೋಡಿದವರಿಗೂ ತಟ್ಟುತ್ತದೆ ಎಂದು ನನ್ನ ಕತ್ತು ಹಿಡಿದು ಆ ಕಡೆ ತಿರುಗಿಸುತ್ತಿದ್ದಳು. ಅಕ್ಕ ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡಾಗ ಭೀಮನಬೀಡಿನ ಅವಳ ಗಂಡನ ಮನೆಯವರಿಗೂ ಈ ಮಾತು ತಲುಪಿತ್ತು. ಮಣೆಯ ಮುಂದೆ ಕೂತಳೆಂದರೆ ಹೆಂಗಸರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ನಾನು ಓದಿದವಳು, ಹತ್ತನೇ ಕ್ಲಾಸು ಪಾಸು ಮಾಡಿದವಳು. ಆದರೂ ಒಮ್ಮೆ ಅವಳ ಮನೆಗೆ ಹೋದಾಗ, ಆಟ ನಡೆಯುತ್ತಿದ್ದಂತೆಯೇ, ಮಣೆಯತ್ತ ನೋಡದೆ ಬೀಜಗಳನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದ್ದೆ.

'ಇದ್ನಾಡ್ಕೊಂಡು ಕೂತೇ ನಿನ್ ಬಾಳು ಹಿಂಗಾಯ್ತು.'

ಅಕ್ಕ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. 'ಆಟ್ಕೂ ಸಾವ್ಗೂ ಏನಮ್ಮಿ ನೆಂಟಸ್ತನ? ಬಾ, ಕಲ್ತ್ಕೊ. ನಾನು ಹೋದ್ರೆ ಇದೂ ಹೋಯ್ತದೆ' ಎಂದಳು.

'ನಂಗ್ಬ್ಯಾಡಪ್ಪ, ನನ್ ಗಂಡ ಇನ್ನೂ ಗಟ್ಟಿಯಾಗವ್ನೆ' ಎಂದೆ. ತಮಾಷೆಗೆ ಹೇಳಿದ್ದೆಂದು ಈಗ ಹೇಳಿಕೊಳ್ಳಬಹುದು. ತಮಾಷೆ ಅರ್ಧ ಮಾತ್ರ ಇತ್ತು. ಅವಳು ನಕ್ಕು ಮಣೆಯನ್ನು ಗೋಡೆಗೆ ಒರಗಿಸಿಟ್ಟಳು. ಮತ್ತೆ ಕರೆಯಲಿಲ್ಲ.

ತರಬೇತಿಯ ಮುಂದಿನ ಭಾನುವಾರ ಭೀಮನಬೀಡಿಗೆ ಹೋದೆ. ಅಕ್ಕನ ಸೊಸೆ ಕಾಫಿ ಕೊಟ್ಟಳು. ಮಣೆ ಎಲ್ಲಿ ಎಂದು ಕೇಳಿದರೆ ಅಡುಗೆಮನೆಯ ಮೂಲೆ ತೋರಿಸಿದಳು. ಗುಳಿಗೊಂದರಂತೆ ನಾಟಿಕೋಳಿ ಮೊಟ್ಟೆ ಜೋಡಿಸಿಟ್ಟಿದ್ದಳು.

'ಮೊಟ್ಟೆ ಇಕ್ಕಕ್ಕೆ ಅಳತೆ ಮಾಡ್ಸಿದಂಗದೆ ಚಿಕ್ಕತ್ತೆ. ಒಂದೂ ಉರುಳಕಿಲ್ಲ.'

'ಬೀಜ ಎಲ್ಲವ್ವ?'

ಅವಳು ಮೊಟ್ಟೆಯೊಂದನ್ನು ಸರಿಯಾಗಿ ಕೂರಿಸಿದಳು. 'ಅತ್ತೆ ಎಲೆ ಅಡಿಕೆ ಚೀಲ್ದಲ್ಲೇ ಇಕ್ಕೋತಿದ್ರಲ್ಲ. ಮಣ್ಮಾಡುವಾಗ ಚೀಲಾನೂ ಗುಂಡಿಗೆ ಹಾಕ್ಬುಟ್ರು. ಯಾರೂ ಬಿಚ್ಚಿ ನೋಡ್ನಿಲ್ಲ.'

ಸತ್ತವರ ಎಲೆ ಅಡಿಕೆ ಚೀಲವನ್ನು ಅವರ ಜೊತೆಗೇ ಕಳಿಸುವುದು ಆ ಮನೆಯ ಪದ್ಧತಿ. ಗುಂಡಿಯ ಪಕ್ಕ ನಾನೂ ನಿಂತಿದ್ದೆ. ಚೀಲ ಬಿದ್ದಾಗ ಕಲ್ಲು ಬಿದ್ದಂತೆ ಸದ್ದಾಗಿತ್ತು. ಅಡಿಕೆ ಎಂದುಕೊಂಡಿದ್ದೆ.

ಬೀಜ ಹೋದರೆ ಹೋಗಲಿ, ಹುಣಸೆಬೀಜದಲ್ಲಿ ಆಡಬಹುದು. ಆಟ ಯಾರಿಗೆ ಗೊತ್ತು? ನೀನಾದರೂ ನೋಡಿರಬೇಕಲ್ಲ ಎಂದರೆ ಸೊಸೆ ರೇಗಿದಳು.

'ನಾನ್ಯಾಕ್ ನೋಡ್ಲಿ? ಬದ್ಕಿದ್ದಾಗ ಮಣೆ ಎತ್ತಿಕ್ಸು ಅಂತ ಫೋನ್ ಮಾಡಿ ಮಾಡಿ ನಂಗೆ ಹೇಳ್ತಿದ್ದೋರು ನೀವೇಯ. ಈಗ ಬಂದು ಆಟ ಎಲ್ಲಿ ಅಂದ್ರೆ?'

ಕಾಫಿ ಲೋಟ ಕೆಳಗಿಟ್ಟು ಹೊರಗೆ ಬಂದೆ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. 'ಒಂಟಿ ಆಟ್ವಾ? ಥೂ, ನಾವು ಅದ್ಕೆ ಕಣ್ಣೂ ಹಾಯಿಸ್ತಿರ್ನಿಲ್ಲ ಕಣವ್ವ' ಎಂದು ಹೆಮ್ಮೆಯಿಂದ ಹೇಳಿತು. ಕುದೇರಿನಲ್ಲಿರುವ ದೊಡ್ಡಮ್ಮನ ಮಗಳಿಗೆ ಫೋನು ಮಾಡಿದೆ. ಅವಳೂ ಅದನ್ನೇ ಹೇಳಿದಳು. ನಲವತ್ತು ವರ್ಷ ಅಕ್ಕ ಹಗಲು ಬೆಳಕಿನಲ್ಲಿ, ಜಗಲಿಯ ಮೇಲೆ ಆಡಿದ ಆಟವನ್ನು ಒಬ್ಬರಾದರೂ ನೋಡಿಲ್ಲ. ಎಲ್ಲರೂ ಅಷ್ಟು ಶ್ರದ್ಧೆಯಿಂದ ಮುಖ ತಿರುಗಿಸಿದ್ದರು.

ಮೊಟ್ಟೆಗಳನ್ನು ಒಂದು ಪಾತ್ರೆಗೆ ಹಾಕಿಸಿ, ಮಣೆ ತಂದೆ. ತೆರಕಣಾಂಬಿಯ ನನ್ನ ಅಂಗನವಾಡಿಯಲ್ಲಿ ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಹುಣಸೆಬೀಜ ಸುರಿದುಕೊಂಡು ಕೂರುತ್ತಿದ್ದೆ. ಗುಳಿಗೆ ನಾಲ್ಕು ಹಾಕಿ ನೋಡಿದೆ, ಐದು ಹಾಕಿ ನೋಡಿದೆ, ಒಂದು ಸಾಲು ಖಾಲಿ ಬಿಟ್ಟು ನೋಡಿದೆ. ಎರಡು ಸುತ್ತಿಗೆಲ್ಲ ಒಂದು ಕಡೆ ರಾಶಿ, ಒಂದು ಕಡೆ ಬರಿದು. ಯೂಟ್ಯೂಬಿನಲ್ಲಿ ಇಬ್ಬರ ಆಟವನ್ನೇ ಹತ್ತು ಥರ ಹೇಳುತ್ತಾರೆ. ಅಕ್ಕನ ಕೈ ನೆನಪಿದೆ: ಬಳೆಯಿಲ್ಲದ ಮುಂಗೈ, ನಿಲ್ಲದೆ ಸರಿಯುವ ಬೆರಳು. ಗುಳಿಯಲ್ಲಿ ಎಷ್ಟಿದ್ದವು ಎಂದು ಮಾತ್ರ ನೆನಪಿಲ್ಲ, ಯಾಕೆಂದರೆ ನೋಡಿಯೇ ಇಲ್ಲ. ಒಂದು ದಿನ ಸಿಟ್ಟಿಗೆ ಮಣೆಯನ್ನು ದೂಡಿದೆ. ಬೀಜ ಚೆಲ್ಲಿ ಮಕ್ಕಳೆಲ್ಲ ಎದ್ದು ಅತ್ತರು.

ಮುಂದಿನ ತಿಂಗಳು ಮಣೆ ಹೊತ್ತುಕೊಂಡೇ ಚಾಮರಾಜನಗರಕ್ಕೆ ಹೋದೆ. ಒಂಟಿ ಆಟ ನನಗೆ ಬರುವುದಿಲ್ಲ ಎಂದಾಗ, ಇಬ್ಬರ ಆಟವನ್ನೇ ಆಡಿ ತೋರಿಸಿ ಎಂದು ಮೇಡಂ ಸಮಾಧಾನದ ದಾರಿ ಹೇಳಿದರು. ಒಪ್ಪಲಿಲ್ಲ. ಒಂದು ಫಾರಂ ಕೊಟ್ಟರು. ಆಟದ ಹೆಸರು ಬರೆದೆ. ಆಡುವ ವಿಧಾನ ಎಂಬಲ್ಲಿ ಹೀಗೆ ಬರೆದೆ: ಗೊತ್ತಿಲ್ಲ. ಗೊತ್ತಿದ್ದವಳು ಕಲಿಸುತ್ತೇನೆಂದು ಕರೆದಿದ್ದಳು. ನಾನು ಕೂರಲಿಲ್ಲ.

ಮೇಡಂ ಓದಿ ಕನ್ನಡಕ ತೆಗೆದರು. 'ಹೀಗೆಲ್ಲ ಬರಿಬಾರ್ದು ಕಣಮ್ಮ. ಇದು ಫೈಲಿಗೆ ಹೋಗುತ್ತೆ. ಏನಾದರೂ ಒಂದು ವಿಧಾನ ಬರೀರಿ, ಯಾರು ನೋಡ್ತಾರೆ?'

'ಯಾರೂ ನೋಡ್ದೆ ಇದ್ದುದ್ಕೇ ಮೇಡಂ ಹಿಂಗಾಗಿರೋದು' ಎಂದೆ. ನನ್ನ ದನಿ ಜೋರಾಗಿರಬೇಕು, ಹಿಂದೆ ಕೂತವರು ಕತ್ತೆತ್ತಿ ನೋಡಿದರು. ಫಾರಂ ತಿದ್ದದೆ, ಕೆಳಗೆ ಸಹಿ ಹಾಕಿ ಕೊಟ್ಟೆ.