ಹೊಸ್ತಿಲಾಚೆ ಕೂರುವುದನ್ನು ಕಲಿತ ಟೆರಿಯರ್

ಚೆನ್ನೈನ ಕ್ರೋಂಪೇಟೆಯ ನಮ್ಮ ಫ್ಲಾಟಿಗೆ ಆ ಯಾರ್ಕ್‌ಷೈರ್ ಟೆರಿಯರ್ ಮರಿಯನ್ನು ತಂದವಳು ನಾನು. ದಿನಾ ಸಂಜೆ ಆಫೀಸಿನಿಂದ ಬಂದು ಅದರ ಉದ್ದ ಕೂದಲಿನ ಸಿಕ್ಕು ಬಿಡಿಸುವವಳು ನಾನು, ಬೆರಳಿಗೆ ಬ್ರಷ್ ಸಿಕ್ಕಿಸಿಕೊಂಡು ಹಲ್ಲುಜ್ಜುವವಳು ನಾನು, ಸೆಕೆಗೆ ಏದುಸಿರು ಬಿಟ್ಟರೆ ಒದ್ದೆ ಟವೆಲ್ ಹಾಸುವವಳೂ ನಾನೇ. ಅದು ಹೋಗಿ ಮಲಗುವುದು ಮಾತ್ರ ನಮ್ಮ ಅತ್ತೆಯ ಮಡಿಲಲ್ಲಿ! ನಾಯಿಯ ವಿಷಯಕ್ಕೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಅಂತ ನನಗೂ ಗೊತ್ತು. ಆದರೂ ಹೊಟ್ಟೆ ಉರಿಯುತ್ತಿತ್ತು.

ಇದೇ ಅತ್ತೆ, ಮರಿ ಬಂದ ದಿನ, "ರಾಮ ರಾಮಾ! ದೇವರಮನೆ ಇರೋ ಕಡೆ ನಾಯಿನಾ? ಮೈಲಿಗೆ ಮಾಡಿಬಿಟ್ಟೆಯಲ್ಲೇ!" ಎಂದು ಎರಡು ದಿನ ಮಾತು ಬಿಟ್ಟಿದ್ದರು. ಅವರು ಮಡಿಯುಟ್ಟು ಅಡುಗೆ ಮಾಡಿ ನೈವೇದ್ಯ ಆಗುವ ತನಕ ನಾವೇ ಅವರನ್ನು ಮುಟ್ಟುವ ಹಾಗಿರಲಿಲ್ಲ, ಇನ್ನು ನಾಯಿಯ ಮಾತೆಲ್ಲಿ? ಆಮೇಲೆ ಬಿದ್ದು ಸೊಂಟ ಮುರಿದುಕೊಂಡು ವಾಕರ್ ಹಿಡಿದರು. "ನನ್ನ ಮಡಿ ಇಲ್ಲಿಗೆ ಮುಗೀತು ಕಣೇ, ಇನ್ಮೇಲೆ ಅಡುಗೆ, ಪೂಜೆ ಎಲ್ಲಾ ನೀನೇ ನೋಡ್ಕೋ" ಅಂದರು. ನಾನು ಹೆಮ್ಮೆಯಿಂದ ಒಪ್ಪಿಕೊಂಡೆ. ಎಂಥ ದಡ್ಡಿ ನಾನು!

ಬೆಳಿಗ್ಗೆ ನಾನು ಮಡಿಸೀರೆ ಉಟ್ಟರೆ ಮರಿ ಕಾಲಿಗೆ ಸುತ್ತಿಕೊಳ್ಳಲು ಬರುತ್ತಿತ್ತು. "ದೂರ! ಮಡಿ!" ಎಂದು ಗದರಿ, ಸುಮ್ಮನೆ ಕೂತರೆ ಬಿಸ್ಕತ್ತು ಎಸೆದು, ಅಡುಗೆಮನೆ ಹೊಸ್ತಿಲು ದಾಟದಂತೆ ಕಲಿಸಿದೆ. ಟೆರಿಯರ್ ಜಾತಿ ಹಠಮಾರಿ ಅನ್ನುತ್ತಾರೆ. ನನ್ನದು ಒಂದೇ ವಾರಕ್ಕೆ ಕಲಿತುಬಿಟ್ಟಿತು. ನಾನು ಒಳಗೆ ಒಲೆ ಮುಂದೆ ಬೇಯುತ್ತಿದ್ದರೆ ಅತ್ತೆ ಹಾಲ್‌ನಲ್ಲಿ ತಮ್ಮ ಕುರ್ಚಿಯಲ್ಲಿ ಕೂತು, "ಬಾರೋ ಕಂದಾ, ಪಾವಂ, ಪಾಪ, ಬೈದುಬಿಟ್ಟಳಾ ಅವಳು?" ಎಂದು ಅದರ ತಲೆ ಸವರುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷವಾಯಿತು, ನನ್ನನ್ನು ಒಮ್ಮೆಯೂ ಪಾವಂ ಅಂದವರಲ್ಲ.

ಕಳೆದ ತಿಂಗಳು ಅತ್ತೆ ತಿರುಚಿಯ ಮಗಳ ಮನೆಗೆ ಹೊರಟರು. ಬಿಟ್ಟುಬರಲು ಹೊರಟ ನನ್ನ ಗಂಡನ ಜೊತೆ ಅವರನ್ನು ಎಗ್ಮೋರಿನಲ್ಲಿ ರೈಲು ಹತ್ತಿಸಿದಾಗ ನನಗೆ ಒಳಗೊಳಗೇ ಖುಷಿ. ಇನ್ನು ಹದಿನೈದು ದಿನ ನಾಯಿ ನನ್ನದು.

ಮರುದಿನ ಬೆಳಿಗ್ಗೆ ಅದು ಅತ್ತೆಯ ಖಾಲಿ ಕುರ್ಚಿಯ ಕೆಳಗೆ ಮುದುಡಿಕೊಂಡಿತ್ತು. ಅಡುಗೆಮನೆಯಿಂದಲೇ "ಬಾ ಪುಟ್ಟಾ" ಎಂದೆ. ಬಾಲ ಆಡಿಸುತ್ತ ಓಡಿ ಬಂತು. ಹೊಸ್ತಿಲ ಬಳಿ ನಿಂತು, ನನ್ನ ಸೀರೆ ನೋಡಿ, ಅಲ್ಲೇ ಕೂತುಬಿಟ್ಟಿತು. ಮತ್ತೆ ಕರೆದೆ. ಅದು ಬಿಸ್ಕತ್ತಿಗೆ ಕಾಯುತ್ತಿತ್ತು. ಹಾಳಾಗಿ ಹೋಗಲಿ ಮಡಿ ಎಂದು ನಾನೇ ಹೊಸ್ತಿಲು ದಾಟಿ ಅದನ್ನು ಎತ್ತಿ ಅಪ್ಪಿಕೊಂಡೆ. ಬೈಸಿಕೊಳ್ಳುವ ಭಯಕ್ಕೆ ಅದರ ಮೈ ನಡುಗುತ್ತಿತ್ತು.

ಅಷ್ಟರಲ್ಲಿ ಅತ್ತೆಯ ವಿಡಿಯೋ ಕಾಲ್ ಬಂತು. "ಕಂದ ಊಟ ಮಾಡಿತೇನೇ?" ಆ ದನಿ ಕೇಳಿದ್ದೇ ತಡ, ನಾಯಿ ನನ್ನ ತೋಳಲ್ಲೇ ಕುಣಿದು ಫೋನು ನೆಕ್ಕತೊಡಗಿತು.

"ಇದೇನೇ, ಮಡಿಸೀರೆಯಲ್ಲಿ ಎತ್ಕೊಂಡಿದೀಯಾ? ಪೂಜೆ ಆಯ್ತಾ?"

"ಆಯ್ತಮ್ಮ" ಎಂದು ಸುಳ್ಳು ಹೇಳಿದೆ.

"ಸರಿ, ಕಂದನ್ನ ಸ್ವಲ್ಪ ಹತ್ತಿರ ತೋರಿಸೇ."

"ಸಿಗ್ನಲ್ ಇಲ್ಲಮ್ಮ" ಎಂದು ಕಟ್ ಮಾಡಿದೆ.

ನಾಯಿ ಕೈಯಿಂದ ಜಾರಿ ಇಳಿದು, ಕುರ್ಚಿಯ ಸುತ್ತ ಮೂಸಿ ಹುಡುಕಿತು. ಆಮೇಲೆ ಬಂದು, ನಾನು ಕಲಿಸಿದ ಹಾಗೆಯೇ, ನನ್ನಿಂದ ಒಂದು ಮಾರು ದೂರದಲ್ಲಿ ಕೂತಿತು.