ತಾವರೆ ಅರಳಿದ ಆರು ಸೆಕೆಂಡು

ಬೆಳಿಗ್ಗೆ ಐದೂವರೆ. ಬಸ್ರೂರಿನ ಕುಸುಮಾವತಿ ಅಡುಗೆಮನೆಯ ಅಕ್ಕಿ ಡಬ್ಬಿಗೆ ಕೈ ಹಾಕುತ್ತಾರೆ. ಗಂಜಿಗೆ ಅಕ್ಕಿ ತೆಗೆಯುತ್ತಿದ್ದಾರೆ ಅಂದುಕೊಂಡರೆ ನೀವೂ ನನ್ನ ಹಾಗೆಯೇ ಮೋಸ ಹೋದಿರಿ. ಕುಚ್ಚಲಕ್ಕಿಯ ನಡುವಿನಿಂದ ಹೊರಗೆ ಬರುವುದು ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ವಿಡಿಯೋ ಕ್ಯಾಸೆಟ್ಟು. ಹೊಳೆಬದಿಯ ಊರಿನ ತೇವ ಆರಲಿ ಎಂದು ಅದನ್ನು ಮೂರು ದಿನದಿಂದ ಅಕ್ಕಿಯೊಳಗೆ ಮಲಗಿಸಿದ್ದಾರೆ. ಬಟ್ಟೆ ಬಿಚ್ಚಿ, ಕ್ಯಾಸೆಟ್ಟಿನ ಬಾಯಿ ಎತ್ತಿ, ಟಾರ್ಚ್ ಬಿಟ್ಟು ನೋಡುತ್ತಾರೆ. ಟೇಪಿನ ಅಂಚಿನಲ್ಲಿ ಬೂಷ್ಟು ಇನ್ನೂ ಬೆಳ್ಳಗೆ ಕಾಣುತ್ತಿದೆ.

“ಸೋಮ್ವಾರ ಚೂರ್ ಓಡ್ಸಿ ಕಂಡೆ. ಇನ್ನ್ ಒಂದ್ ಸರ್ತಿ ಓಡೀತ್. ಎರಡ್ನೇ ಸರ್ತಿಗೆ ಹರ್ದ್ ಹೋತ್ತೋ ಏನೋ. ನಂಗ್ ಧೈರ್ಯ ಇಲ್ಲೆ ಮಾರಾಯ್ರೆ,” ಎನ್ನುತ್ತಾರೆ. ಇಷ್ಟು ಹೊತ್ತಿಗೇ ಯಾಕೆ ಕೆಲಸ ಎಂದರೆ, ಬೆಳಗಾದ ಮೇಲೆ ಆಚೆಯ ಹಿಟ್ಟಿನ ಗಿರಣಿ ಶುರುವಾಗಿ ಕರೆಂಟು ಕುಣಿಯುತ್ತದಂತೆ. ಕರೆಂಟು ಕುಣಿದರೆ ಸ್ವರದ ಅಡಿಯಲ್ಲಿ ಗುಂಯ್ ಎಂದು ಸದ್ದು ಕೂತುಬಿಡುತ್ತದೆ.

ಕ್ಯಾಸೆಟ್ಟು ಉಪ್ಪುಂದದ ರತ್ನ ಎಂಬವರದು. ಇಪ್ಪತ್ತೊಂದು ವರ್ಷದ ಹಿಂದೆ, 1997ರಲ್ಲಿ ಅವರ ಮದುವೆಯ ಹಿಂದಿನ ಸಂಜೆ ನಡೆದ ಮದರಂಗಿ ಶಾಸ್ತ್ರ ಅದರಲ್ಲಿದೆ. ಹೆಣ್ಣಿನ ಕೈಗೆ ಮದರಂಗಿ ಇಡುವಾಗ ಹಾಡು ಹೇಳುತ್ತಿದ್ದವರು ರತ್ನರ ಅಮ್ಮ ಅಪ್ಪಿ. ಆ ಕಡಲಬದಿಯ ಕೇರಿಯಲ್ಲಿ ಅಪ್ಪಿ ಬಾರದೆ ಯಾರ ಮನೆಯ ಮದರಂಗಿಯೂ ಆಗುತ್ತಿರಲಿಲ್ಲ. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಕೂಗಿದ ಸ್ವರದಲ್ಲೇ ಸಂಜೆ ಹಾಡುತ್ತಿದ್ದರು. ಕಳೆದ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈಯೂ ಹೋಯಿತು, ಮಾತೂ ಹೋಯಿತು. ಈಗ ಈ ಶನಿವಾರ ಮೊಮ್ಮಗಳು ಧನ್ಯಶ್ರೀಯ ಮದರಂಗಿ. ಅಜ್ಜಿ ಚಪ್ಪರದಲ್ಲಿ ಕೂತಿರುವಾಗ ಅಜ್ಜಿಯ ಹಾಡು ಕೇಳಬೇಕು ಎಂಬುದು ರತ್ನರ ಆಸೆ. ಆದರೆ ಕ್ಯಾಸೆಟ್ಟಿನಲ್ಲಿ ಅಪ್ಪಿ ಬಾಯಿ ತೆರೆಯುವುದು ಮಾತ್ರ ಕಾಣುತ್ತದೆ, ಕೇಳುವುದು ಆ ಕಾಲದ ಸಿನೆಮಾ ಹಾಡು. ಎರಡು ಅಂಗಡಿಯವರು ‘ಇದರಲ್ಲಿ ಸ್ವರವೇ ಇಲ್ಲ’ ಎಂದು ಕೈಚೆಲ್ಲಿದ ಮೇಲೆ, ಸೋಮವಾರ ಅದು ಕುಸುಮಾವತಿಯವರ ಕೈ ಸೇರಿದೆ. ಇವತ್ತು ಗುರುವಾರ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆಮನೆಯ ವಿಡಿಯೋ ಕೆಟ್ಟರೆ ಕೊನೆಗೆ ಬಂದು ನಿಲ್ಲುವುದು ಈ ನಲವತ್ತನಾಲ್ಕರ ಹೆಂಗಸಿನ ಬಾಗಿಲಲ್ಲಿ. ಮನೆಗೆ ಬೋರ್ಡಿಲ್ಲ. ಬಸ್ ಕಂಡಕ್ಟರ್ ಆಗಿರುವ ಗಂಡ ಲೀಲಾಧರರೇ ಬೋರ್ಡು. ಕೊಕ್ಕರ್ಣೆಯಿಂದ ಬಂದ ಕ್ಯಾಸೆಟ್ಟನ್ನು ಸೀಟಿನಡಿ ಇಟ್ಟು ತರುತ್ತಾರೆ, ಸರಿಯಾದ ಡಿವಿಡಿಯನ್ನು ಹಾಗೆಯೇ ಮುಟ್ಟಿಸುತ್ತಾರೆ. ದಿನಕ್ಕೆ ನಾಲ್ಕು ಕ್ಯಾಸೆಟ್ಟು ಮುಗಿದರೆ ಹೆಚ್ಚು, ಕಪಾಟಿನಲ್ಲಿ ಕಾಯುತ್ತಿರುವುದು ಅರವತ್ತಕ್ಕೂ ಮೇಲೆ. ಒಬ್ಬರದು ಒಂದೇ ಕಿವಿಗೆ ಕೇಳುತ್ತದೆ, ಇನ್ನೊಬ್ಬರದರಲ್ಲಿ ಪುರೋಹಿತರ ತುಟಿ ನಿಂತ ಮೇಲೂ ಮಂತ್ರ ನಡೆಯುತ್ತಿರುತ್ತದೆ.

ಅದನ್ನು ಸರಿಮಾಡುವ ಅವರ ಉಪಾಯ ಕೇಳಿ ನನಗೆ ಬೆರಗು. ಅವರು ತುಟಿ ನೋಡುವುದೇ ಇಲ್ಲ. ಗಟ್ಟಿಮೇಳ ಹುಡುಕುತ್ತಾರೆ. ಡೋಲಿನ ಕೋಲು ಚರ್ಮಕ್ಕೆ ತಾಗುವ ಒಂದು ಚಿತ್ರ, ಅಂದರೆ ಒಂದು ಫ್ರೇಮು, ಸದ್ದಿನಲ್ಲಿ ಅದೇ ಮೊದಲ ಪೆಟ್ಟು, ಎರಡನ್ನೂ ಎದುರುಬದುರು ತಂದು ನಿಲ್ಲಿಸಿದರೆ ಮದುವೆಯಿಡೀ ಸರಿಯಾಗುತ್ತದೆ. “ಸೆಕೆಂಡಿಗ್ ಇಪ್ಪತ್ತೈದ್ ಫ್ರೇಮ್ ಅಂದೇಳಿ ಲೆಕ್ಕ. ಎರಡ್ ಫ್ರೇಮ್ ಆಚೀಚೆ ಆರೆ ಯಾರಿಗೂ ತಿಳಿತಿಲ್ಲೆ. ಆರ್ ಫ್ರೇಮ್ ಆರೆ ಜನಕ್ಕ್ ಕೂತ್ಕಂಬುಕ್ ಆತಿಲ್ಲೆ. ಎಂತ ಆಯ್ತಂದೇಳಿ ಅವ್ರಿಗೂ ಗೊತ್ತಿಲ್ಲೆ, ಒಟ್ ಸಮಾ ಇಲ್ಲೆ ಅಂತ್ರ್,” ಎಂದು ನಗುತ್ತಾರೆ. ಆ ಬೆಳಿಗ್ಗೆ ಅವರು ನಕ್ಕಿದ್ದು ಅದೊಂದೇ ಸಲ.

ಓದಿದ್ದು ಎಸ್ಸೆಸ್ಸೆಲ್ಸಿ. 1996ರಲ್ಲಿ ಕುಂದಾಪುರದ ಒಂದು ಸ್ಟುಡಿಯೋಕ್ಕೆ ಆಲ್ಬಮ್ಮಿಗೆ ಫೋಟೋ ಅಂಟಿಸಲು ಸೇರಿದರು. ಆ ಸ್ಟುಡಿಯೋ ಈಗಿಲ್ಲ. ಎಡಿಟಿಂಗ್ ಮಾಡುತ್ತಿದ್ದಾತ ಹೇಳದೆ ಕೇಳದೆ ಮುಂಬೈ ಬಸ್ ಹತ್ತಿದಾಗ, ಮಾಲೀಕರು ಗೋಂದಿನ ಕೈಯಲ್ಲೇ ಇವರನ್ನು ಯಂತ್ರದ ಮುಂದೆ ಕೂರಿಸಿದರು. “ಹೆಣ್ಣ್‌ಮಕ್ಕಳ್ ಎಡಿಟಿಂಗ್ ಮಾಡುದ್ ಅಂದ್ರೆ ಜನ ಕಾಂಬುಕ್ ಬಪ್ರ್. ನಾನ್ ಗುಂಡಿ ಒತ್ತುಕೆ ಹೆದ್ರ್ತಿದ್ದೆ, ಒತ್ತುದ್ ತಪ್ಪಿರೆ ಒಬ್ರ್ ಮದಿಯೇ ಅಳ್ಸಿ ಹೋತ್ತಲೆ!”

ಆ ಹೆದರಿಕೆ ಇವತ್ತು ಇಮ್ಮಡಿಯಾಗಿದೆ. ಯಾಕೆಂದು ನನಗೆ ಮೊದಲು ತಿಳಿಯಲಿಲ್ಲ. ಯಂತ್ರದಲ್ಲಿ ಟೇಪು ಓದುವ ತಲೆಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. ಕೊನೆಗೆ ತಲೆ ಎತ್ತದೆ ಹೇಳಿದರು: “ಅಪ್ಪಿಯಮ್ಮನ ಸ್ವರ ಅಳ್ಸಿದ್ದ್ ಬೇರೆ ಯಾರೂ ಅಲ್ಲ, ನಾನೇ. ಸೋಮ್ವಾರ ಅದ್ರಲ್ ತಾವ್ರೆ ಅರ್ಳುದ್ ಕಂಡಾಗ್ಳೇ ಗೊತ್ತಾಯ್ತ್. ರತ್ನಕ್ಕನಿಗೆ ಇನ್ನೂ ಹೇಳ್ಲಿಲ್ಲೆ. ನೀವ್ ಪೇಪರಿಗೆ ಬರೀಬೇಡಿ.”

ಈಗ ಬರೆಯಿರಿ ಎಂದು ಅವರೇ ಹೇಳಿದ ಮೇಲೆ ಬರೆಯುತ್ತಿದ್ದೇನೆ. ಆಗಿನ ಪದ್ಧತಿ ನಮಗೆಲ್ಲ ನೆನಪಿದೆ. ಮದುವೆ ವಿಡಿಯೋ ಎಂದರೆ ಮನೆಯವರ ಮಾತು, ಪಾತ್ರೆ ಸದ್ದು, ಮುದುಕಿಯರ ಹಾಡು ಎಲ್ಲ ತೆಗೆದು ಸಿನೆಮಾ ಹಾಡು ಹಾಕುವುದು. ನನ್ನ ಮದುವೆಯ ಕ್ಯಾಸೆಟ್ಟಿನಲ್ಲೂ ನನ್ನ ಮಾವ ಒಂದು ಯುಗಳಗೀತೆಗೆ ಬಾಯಿ ಆಡಿಸುತ್ತಾರೆ. ಮದರಂಗಿಯಂಥ ಸಣ್ಣ ಕಾರ್ಯಕ್ರಮಕ್ಕೆ ಬೇರೆ ಕ್ಯಾಸೆಟ್ಟು ದಂಡ ಎಂದು, ಕ್ಯಾಮೆರಾದಿಂದ ತೆಗೆದ ಮೂಲ ಟೇಪಿನ ಮೇಲೆಯೇ ಹಾಡು ಹಾಕಿ ಮನೆಯವರಿಗೆ ಕೊಟ್ಟುಬಿಡುತ್ತಿದ್ದರು. ಅದರ ಮೇಲೆ ಒಂದು ಶೃಂಗಾರ ಬೇರೆ. ಪರದೆಯ ನಡುವೆ ತಾವರೆ ಅರಳಿ, ಎಸಳಿನ ಒಳಗಿಂದ ಹೆಣ್ಣಿನ ಮುಖ ಮೂಡುತ್ತಿತ್ತು. ಕುಸುಮಾವತಿಯವರ ತಾವರೆಗೆ ಮೂರು ತಾಲೂಕಿನಲ್ಲಿ ಹೆಸರಿತ್ತು.

ಇಷ್ಟು ವರ್ಷಗಳಲ್ಲಿ ಅವರು ಕಲಿತ ಒಂದು ಗುಟ್ಟಿನ ಮೇಲೆ ಈಗ ಎಲ್ಲ ನಿಂತಿದೆ. ಕೆಲವು ಕ್ಯಾಮೆರಾಗಳು ಸ್ವರವನ್ನು ಎರಡು ಕಡೆ ಬರೆಯುತ್ತಿದ್ದವು, ಟೇಪಿನ ಅಂಚಿನ ಗೆರೆಯಲ್ಲಿ ಒಮ್ಮೆ, ಚಿತ್ರದ ಅಡಿಯಲ್ಲಿ ಇನ್ನೊಮ್ಮೆ. ಸಿನೆಮಾ ಹಾಡು ಹಾಕಿದಾಗ ಅಳಿಯುವುದು ಅಂಚಿನ ಗೆರೆ ಮಾತ್ರ. ಅಡಿಯದ್ದು ಹಾಗೇ ಇರುತ್ತದೆ, ಆದರೆ ಅದನ್ನು ಓದಲು ಹೈಫೈ ಯಂತ್ರವೇ ಬೇಕು. ಮಾಲೀಕರು ಮುಂಬೈಯಿಂದ ತರಿಸಿದ್ದ ಕ್ಯಾಮೆರಾದ ಮೇಲೆ ಹೈಫೈ ಎಂದು ಕೆಂಪಕ್ಷರದಲ್ಲಿ ಬರೆದಿತ್ತು ಎಂಬ ನೆನಪೊಂದೇ ಇವರಿಗಿರುವ ಆಧಾರ. ಮನೆಯಲ್ಲಿದ್ದ ಹೈಫೈ ಯಂತ್ರ ಕೆಟ್ಟು ವರ್ಷವಾಗಿದೆ. ಮೂರು ದಿನದಲ್ಲಿ ಎಲ್ಲೆಲ್ಲಿಗೆ ಫೋನು ಮಾಡಿದರೋ! ನಿನ್ನೆ ಸಂಜೆ ಬ್ರಹ್ಮಾವರದ ಗುಜರಿ ಅಂಗಡಿಯ ಕುಷ್ಟ ಎಂಬಾತ ಹಳೆಯ ಹೈಫೈ ಯಂತ್ರವೊಂದನ್ನು ತಂದು ಜಗಲಿಯಲ್ಲಿಟ್ಟು, “ಹ್ವಾಯ್ ಕುಸುಮಕ್ಕ, ಒಡಿಯುಕೆ ಸುತ್ತಿಗೆ ಎತ್ತಿದ್ದೆ, ನಿಮ್ ನೆನ್ಪಾಯ್ತ್,” ಎಂದು ಹೋಗಿದ್ದಾನೆ.

ಕ್ಯಾಸೆಟ್ಟು ಒಳಗೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಕೆಂಪು ಚುಕ್ಕಿ ಹೊತ್ತುತ್ತದೆ. ಮೊದಲು ಪರಪರ ಸದ್ದು, ಆಮೇಲೆ ಹಾರುವ ಗೆರೆಗಳು. ಕುಸುಮಾವತಿಯವರ ಬೆರಳು ಚಿತ್ರ ನೆಲೆ ನಿಲ್ಲಿಸುವ ಟ್ರ್ಯಾಕಿಂಗ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತದೆ. ಸಿನೆಮಾ ಹಾಡು ಕೇಳಿಸಿದ ಕೂಡಲೇ ಸ್ವಿಚ್ಚನ್ನು ಹೈಫೈ ಕಡೆಗೆ ದೂಡುತ್ತಾರೆ. ಹಾಡು ಮಾಯ. ಒಂದು ಮಗು ಅಳುತ್ತದೆ, ಯಾರೋ ಚಾಪೆ ಎಳೆಯುತ್ತಾರೆ. ಆಮೇಲೆ ಗಟ್ಟಿಯಾದ, ಸ್ವಲ್ಪ ಒಡಕಾದ ಒಂದು ಸ್ವರ.

“ಕೈ ಕೆಂಪು ಕಾಂಬಾಗ ಕಣ್ಣ್ ಕೆಂಪು ಮಾಡ್ಬೇಡ, ಕಡಲಾಚೆ ಅಲ್ಲ ನಿನ್ನ ಮನಿ.”

ಹಿಂದಿನಿಂದ ಹೆಂಗಸರು ಅದನ್ನೇ ತಿರುಗಿ ಹೇಳುತ್ತಾರೆ. ಕುಸುಮಾವತಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಾರೆ, ಆದರೆ ಕಣ್ಣು ಮಾತ್ರ ಯಂತ್ರದ ಮೇಲಿಂದ ತೆಗೆಯುವುದಿಲ್ಲ. ಮೂರನೆಯ ಪದ್ಯಕ್ಕೆ ಬಂದಾಗ ಪರದೆಯ ಮೇಲೆ ತಾವರೆ ಅರಳುತ್ತದೆ. ಸ್ವರ ನಿಂತುಹೋಗುತ್ತದೆ. ಆರು ಸೆಕೆಂಡು ಬರೀ ಮೌನ. ತಾವರೆ ಹೋದ ಮೇಲೆ ಹೆಂಗಸರು ತಿರುಗಿ ಹೇಳುವುದು ಕೇಳುತ್ತದೆ, ಅದಕ್ಕೆ ಮೊದಲು ಅಪ್ಪಿ ಹೇಳಿದ ಸಾಲು ಮಾತ್ರ ಇಲ್ಲ.

ಹಾಡು ಹಾಕಿದರೆ ಅಂಚು ಮಾತ್ರ ಅಳಿಯುತ್ತದೆ, ಚಿತ್ರದ ಮೇಲೆ ಚಿತ್ರ ಕೂರಿಸಿದರೆ ಅಡಿಯ ಸ್ವರವೂ ಅಳಿಯುತ್ತದೆ. “ಯಾರಿಗ್ ಬೇಕಿದ್ದಿತ್ ನನ್ ತಾವ್ರೆ?” ಎಂದು ಕುಸುಮಾವತಿ ಹಣೆ ಚಚ್ಚಿಕೊಳ್ಳುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದದ್ದು ನಿಜ. ಆ ಮುಖ ನೋಡಿ ನುಂಗಿಕೊಂಡೆ.

ಮುಂದಿನ ಎರಡು ದಿನ ಅವರು ಆ ಆರು ಸೆಕೆಂಡನ್ನು ಮುಚ್ಚಲು ಹೆಣಗುತ್ತಾರೆ. ಹೆಂಗಸರು ತಿರುಗಿ ಹೇಳಿದ ಸಾಲನ್ನೇ ಕತ್ತರಿಸಿ, ಖಾಲಿ ಜಾಗಕ್ಕೆ ಕೂರಿಸಿ, ಅಂಚು ನಯ ಮಾಡುತ್ತಾರೆ. ನನಗೆ ಕೇಳಿಸಿದರೆ ಜೋಡಣೆ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಶನಿವಾರ ಮಧ್ಯಾಹ್ನ ಹಾಡು ತುಂಬಿದ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿ, ಸ್ಪೀಕರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಉಪ್ಪುಂದಕ್ಕೆ ಹೊರಡುತ್ತಾರೆ. ಮರವಂತೆಯ ಹತ್ತಿರ ಕಡಲು ಕಂಡಾಗಲೂ ತಲೆ ಎತ್ತುವುದಿಲ್ಲ. “ರತ್ನಕ್ಕನಿಗೆ ಹೇಳ್ಕಾ, ಬ್ಯಾಡ್ದಾ?” ಎಂದು ನನ್ನನ್ನು ಮೂರು ಸಲ ಕೇಳುತ್ತಾರೆ.

ನೆಂಟರು ಬರುವ ಮೊದಲು ಅಪ್ಪಿಯ ಎದುರು ಹಾಡು ಹಾಕುತ್ತಾರೆ. ತನ್ನದೇ ಸ್ವರ ಕೇಳಿ ಅಪ್ಪಿಯ ಎಡಗೈ ತೊಡೆಯ ಮೇಲೆ ತಾಳ ಹಾಕತೊಡಗುತ್ತದೆ. ರತ್ನ ಬಾಗಿಲ ದಾರಂದ ಹಿಡಿದು ನಿಂತಿದ್ದಾರೆ. ಒಂದು ಪದ್ಯ, ಎರಡು ಪದ್ಯ. ಮೂರನೆಯದಕ್ಕೆ ಅಪ್ಪಿಯ ಕೈ ತಟ್ಟನೆ ಮೇಲೇಳುತ್ತದೆ. ಅಲ್ಲ, ಅಲ್ಲ ಎಂದು ಅಡ್ಡಡ್ಡ ಆಡುತ್ತದೆ.

“ಮುಂದ್ ಹೇಳ್ದೆ ಹಿಂದಿನವ್ರ್ ಹೇಳುಕಾಗ,” ಎಂದು ರತ್ನ ಬಿಡಿಸಿ ಹೇಳುತ್ತಾರೆ. “ಅಮ್ಮ ಅದ್ನ ಒಪ್ಪುದೇ ಇಲ್ಲೆ. ಒಬ್ರ್ ಮುಂದ್ ಹೇಳ್ಕ್, ಮತ್ತೆ ಉಳ್ದವ್ರ್.” ಮುಂದೆ ಹೇಳುವವರಿಲ್ಲದ ಸಾಲನ್ನು ಮದರಂಗಿಯಲ್ಲಿ ಯಾರೂ ಎತ್ತಿಕೊಳ್ಳುವುದಿಲ್ಲ. ಕುಸುಮಾವತಿಗೆ ಈ ಕಟ್ಟಳೆ ಗೊತ್ತಿರಲಿಲ್ಲ.

ಕುಸುಮಾವತಿಗೆ ಇನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳಲು ಆಗುವುದಿಲ್ಲ. “ರತ್ನಕ್ಕ, ಆ ಸಾಲ್ ಇಲ್ಲೆ. ಅಳ್ಸಿದ್ ನಾನೇ. ಪಿಕ್ಚರ್ ಹಾಡ್ ಹಾಕಿದ್ದೂ ನಾನೇ.”

ರತ್ನ ದಾರಂದ ಬಿಟ್ಟು ಬಂದು ಅಮ್ಮನ ಪಕ್ಕ ಕೂರುತ್ತಾರೆ. “ನೀವ್ ಹಾಕಿದ್ ಹೌದ್. ಹಾಕುಕ್ ಹೇಳ್ದೋಳ್ ನಾನಲ್ದಾ ಕುಸುಮಕ್ಕ? ಗಂಡಿನ್ ಮನಿಯವ್ರ್ ಕಾಂತ್ರ್, ಮೀನ್ ಮಾರುವ ಸ್ವರ ಕೇಂಡ್ರೆ ನಾಚ್ಕಿ ಆತ್ತ್, ಅದ್ನ ತೆಗ್ಸಿ ಅಂದೇಳಿ ಸ್ಟುಡಿಯೋಕ್ಕ್ ಬಂದ್ ನಿಮ್ ಮಾಲೀಕ್ರಿಗ್ ನಾನೇ ಹೇಳಿದ್ದೆ. ಅಮ್ಮನಿಗ್ ಈ ಮಾತ್ ಇವತ್ತಿನ್ ವರೆಗೂ ಹೇಳ್ಲಿಲ್ಲೆ.” ಹೇಳಿದ ಮೇಲೆ ಅಮ್ಮನ ಮುಖ ನೋಡಲು ಅವರಿಗೆ ಧೈರ್ಯವಿಲ್ಲ. ಅಪ್ಪಿಯ ಎಡಗೈ ನಿಧಾನಕ್ಕೆ ಬಂದು ಮಗಳ ತಲೆಯ ಮೇಲೆ ಕೂರುತ್ತದೆ.

ತೇಪೆ ಹಾಕಿದ್ದನ್ನು ಕಿತ್ತು ತೆಗೆಯಲೇ ಎಂದು ಕುಸುಮಾವತಿ ಕೇಳುತ್ತಾರೆ. ಅಪ್ಪಿ ಹೌದೆಂಬಂತೆ ತಲೆಯಾಡಿಸುತ್ತಾರೆ.

ಸಂಜೆ ಚಪ್ಪರ ತುಂಬಿದೆ. ಧನ್ಯಶ್ರೀಯ ಅಂಗೈ ಹಿಡಿದು ರತ್ನ ಮದರಂಗಿ ಇಡುತ್ತಿದ್ದಾರೆ. ಅಜ್ಜಿಯ ಸ್ವರ ಶುರುವಾದಾಗ ಕೇರಿಯ ಹೆಂಗಸರು ಮಾತು ನಿಲ್ಲಿಸುತ್ತಾರೆ. ಎರಡನೆಯ ಪದ್ಯ ಮುಗಿಯುವಾಗ ಸ್ಪೀಕರಿನ ಪಕ್ಕ ಕೂತ ಕುಸುಮಾವತಿ ಬೆವರುತ್ತಿದ್ದಾರೆ. ಇಷ್ಟು ಜನರ ನಡುವೆ ಆರು ಸೆಕೆಂಡಿನ ಖಾಲಿ ಎಷ್ಟು ದೊಡ್ಡದೆಂದು ಅವರಿಗೆ ಗೊತ್ತು. ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಸ್ವರ ನಿಲ್ಲುತ್ತದೆ. ಹೆಂಗಸರು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ರತ್ನ ತಲೆ ಎತ್ತದೆ, ಕೈಯ ಕೆಲಸ ನಿಲ್ಲಿಸದೆ, ಅಮ್ಮನದೇ ಒಡಕು ಸ್ವರದಲ್ಲಿ ಹೇಳುತ್ತಾರೆ:

“ಕರ್ದಲ್ಲಿ ಓಗೊಡ್ತೆ, ಕರೀದಿದ್ರೂ ನಾ ಬತ್ತೆ.”

ಅವರ ಸಾಲು ಮುಗಿಯುವುದಕ್ಕೂ, ಇಪ್ಪತ್ತೊಂದು ವರ್ಷದ ಹಿಂದಿನ ಹೆಂಗಸರು ಸ್ಪೀಕರಿನೊಳಗಿಂದ ಅದನ್ನೇ ತಿರುಗಿ ಹೇಳುವುದಕ್ಕೂ ಸರಿಹೋಗುತ್ತದೆ. ಅವರಲ್ಲಿ ಅರ್ಧದಷ್ಟು ಜನ ಈಗಿಲ್ಲ. ಚಪ್ಪರದ ಹೆಂಗಸರೂ ಅವರ ಜೊತೆ ಸ್ವರ ಸೇರಿಸುತ್ತಾರೆ. ಅಪ್ಪಿಯ ಎಡಗೈ ತಾಳ ತಪ್ಪುವುದಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕುಸುಮಾವತಿ ಮೊದಲ ಬಾರಿಗೆ ಸೀಟಿಗೆ ಒರಗಿ ಕೂತಿದ್ದಾರೆ. ನಿಮಗೆ ಇನ್ನೇನಾದರೂ ಆಸೆ ಇದೆಯೇ ಎಂದು, ಪತ್ರಕರ್ತರು ಕೇಳಲೇಬೇಕಾದ ಪ್ರಶ್ನೆ ಕೇಳುತ್ತೇನೆ.

“ಎಂತ ಆಸೆ? ಜನ ಪಿಕ್ಚರ್ ಹಾಡ್ ಹಾಕ್ಸ್ಲಿ, ಬ್ಯಾಡ ಅಂಬುದಿಲ್ಲೆ. ಮನಿಯವ್ರ ಸ್ವರ ಒಂದ್ ಕಡೆ ತೆಗ್ದ್ ಇಡ್ಲಿ, ಅಷ್ಟೇ.” ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ನನ್ನ ಕಡೆ ತಿರುಗುತ್ತಾರೆ. “ಒಂದ್ ಮಾತ್ ಬರ್ಕಣಿ. ಇಪ್ಪತ್ತೆರಡ್ ವರ್ಷದಿಂದ ಸ್ವರ ಸಮಾ ಮಾಡುದೇ ನನ್ ಕೆಲ್ಸ. ಇವತ್ತ್ ರತ್ನಕ್ಕ ಒಂದ್ ಫ್ರೇಮೂ ಆಚೀಚೆ ಹೋಯ್ಲಿಲ್ಲೆ ಕಾಣಿ.”