ಬಚ್ಚಲುಮನೆಯ ಸದ್ದು

ನಾವು ಚಿಕ್ಕವರಿದ್ದಾಗ ಯಾದವಗಿರಿಯ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಅಡ್ಡಾದ ಮೇಲೆ ಬಚ್ಚಲುಮನೆಯಿಂದ ಒಂದು ಸದ್ದು ಬರುತ್ತಿತ್ತು. ಟಕ್, ಟಕ್. ಸ್ವಲ್ಪ ಬಿಟ್ಟು ಮತ್ತೊಂದು ಟಕ್. ಹಲ್ಲಿಯ ಲೊಚಗುಟ್ಟುವಿಕೆಯಲ್ಲ, ನಲ್ಲಿಯಿಂದ ತೊಟ್ಟಿಕ್ಕುವುದೂ ಅಲ್ಲ. ಆಮೇಲೆ ಒಳಗೆ ಬರುವ ಅವ್ವನನ್ನು ಅದೇನು ಎಂದು ಅಣ್ಣ ಕೇಳಿದರೆ, "ಅಜ್ಜಿ ಕಣೋ, ಸುಮ್ನೆ ಮಲಕ್ಕೊ" ಅನ್ನುತ್ತಿದ್ದಳು.

ಅಜ್ಜಿ ಎಂದರೆ ಅಪ್ಪನ ತಾಯಿ. ಅವಳು ಆಗಲೇ ತೀರಿಕೊಂಡಿದ್ದಳು. ಕೊನೆಗಾಲದಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದಳು, ಗಂಜಿ ಕೂಡ ಇಳಿಯುತ್ತಿರಲಿಲ್ಲ. ಬಾಯಿಹುಣ್ಣು ಎನ್ನುತ್ತಿದ್ದರು, ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಹಣೆಗೆ ವಿಭೂತಿ ಬಳಿದು, ದವಡೆಗೆ ಬಿಳಿ ಬಟ್ಟೆ ಕಟ್ಟಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದ ಅಜ್ಜಿಯನ್ನು ನಾನು ನೋಡಿದ್ದೆ. ಹಾಗಾಗಿ ಟಕ್ ಟಕ್ ಕೇಳಿಸಿದಾಗಲೆಲ್ಲ, ಬಾಯಿ ಕಟ್ಟಿಸಿಕೊಂಡವಳು ಮಾತಾಡಲಾಗದೆ ಬೆರಳಿನಿಂದ ಬಡಿದು ಕರೆಯುತ್ತಿದ್ದಾಳೆ ಎಂದೇ ನಂಬಿದ್ದೆ. ಕಾಲು ಮಡಚಿ ಕಂಬಳಿಯೊಳಗೆ ಸೇರಿಕೊಳ್ಳುತ್ತಿದ್ದೆ.

ದೊಡ್ಡವಳಾದೆ, ಡಾಕ್ಟರಾದೆ, ಹೆದರಿಕೆ ಹೋಯಿತು. ಸದ್ದು ಹೋಗಿರಲಿಲ್ಲ, ನನ್ನ ಕಿವಿಗೆ ಅದು ಗಡಿಯಾರದ ಸದ್ದಿನ ಹಾಗೆ ಒಗ್ಗಿಹೋಗಿತ್ತು ಅಷ್ಟೆ.

ತೊಂಬತ್ತರ ದಶಕದ ನಡುವೆ ಊರಿನ ಒಂದು ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಸಂಶೋಧನೆಗೆ ಸೇರಿಕೊಂಡೆ. ವಿಷಯ ಡಿಸ್‌ಪ್ಲೇಸಿಯಾ. ಬೆಳವಣಿಗೆ ಹದ ತಪ್ಪುವುದು ಎಂದರ್ಥ. ಮಕ್ಕಳ ಮೂಳೆ ಸೊಟ್ಟಗೆ ಬೆಳೆದರೂ, ಸೊಂಟದ ಕೀಲು ಸರಿಯಾಗಿ ಕೂರದಿದ್ದರೂ ಇದೇ ಹೆಸರು. ನಾವು ನೋಡುತ್ತಿದ್ದದ್ದು ಬಾಯಿ, ಅನ್ನನಾಳ, ಗರ್ಭಕೊರಳುಗಳ ಒಳಪದರವನ್ನು. ಚೆನ್ನಾಗಿರುವ ಪದರದಲ್ಲಿ ಜೀವಕೋಶಗಳು ಊಟದ ಪಂಕ್ತಿಯಲ್ಲಿ ಕೂತವರ ಹಾಗೆ ಸಾಲಾಗಿರುತ್ತವೆ. ಡಿಸ್‌ಪ್ಲೇಸಿಯಾ ಶುರುವಾದರೆ ನಡುನಡುವೆ ಒಬ್ಬೊಬ್ಬರೇ ಎದ್ದು ನಿಲ್ಲುತ್ತಾರೆ. ಅದಿನ್ನೂ ಕ್ಯಾನ್ಸರ್ ಅಲ್ಲ. ಕೆಲವು ಸಲ ಎದ್ದವರು ಮತ್ತೆ ಕೂರುತ್ತಾರೆ, ಕೆಲವು ಸಲ ಎಲೆಗಳನ್ನೇ ತುಳಿದುಕೊಂಡು ಹೊರಡುತ್ತಾರೆ. ಯಾರು ಕೂರುತ್ತಾರೆ, ಯಾರು ಹೊರಡುತ್ತಾರೆ ಎಂಬುದೇ ನಮ್ಮ ಪ್ರಶ್ನೆ.

ಇಷ್ಟೆಲ್ಲ ನಡೆಯುವಾಗ ಆ ಮನುಷ್ಯನಿಗೆ ಒಂದು ಚೂರೂ ನೋವಿರುವುದಿಲ್ಲ. ಉಣ್ಣುತ್ತಾನೆ, ನಗುತ್ತಾನೆ. ಬರುಬರುತ್ತಾ ಆ ನಗುವೇ ನನ್ನನ್ನು ಹೆದರಿಸತೊಡಗಿತು. ಸಿಟಿ ಬಸ್ಸಿನಲ್ಲಿ ಯಾರಾದರೂ ಆಕಳಿಸಿದರೆ ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದೆ.

ಹೋಲಿಸಿ ನೋಡಲು ಯಾವ ಚಟವೂ ಇಲ್ಲದವರ ಬಾಯಿಯೂ ಬೇಕಲ್ಲ, ಅದಕ್ಕೆ ನಮ್ಮ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಮಾಡುವವರೆಲ್ಲ ತಂತಮ್ಮ ಮನೆಯ ಹಿರಿಯ ಹೆಂಗಸರ ಬಾಯಿಯ ಒಳಗೆ ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ ತರುವುದು. ತಾಯಂದಿರು ಬೇಡವೆನ್ನುವುದಿಲ್ಲ, ಸುಳ್ಳೂ ಹೇಳುವುದಿಲ್ಲ ಎಂಬ ಭರವಸೆ.

ಒಂದು ಭಾನುವಾರ ಬೆಳಿಗ್ಗೆ ಅವ್ವನನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿಕೊಂಡೆ. ಅಣ್ಣನಿಗೆ ಆಗಷ್ಟೇ ಮದುವೆಯಾಗಿತ್ತು. ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಎಲೆಯಡಿಕೆ, ಹೊಗೆಸೊಪ್ಪು, ಬೀಡಿ, ಏನಾದ್ರೂ ಅಭ್ಯಾಸ ಇದೆಯೇನವ್ವ?"

"ಥೂ! ಲಿಂಗಪೂಜೆ ಮಾಡೋ ಬಾಯಿ ಕಣೇ ಇದು."

ಕೆಳತುಟಿಯ ಹಿಂದೆ ಒಂದು ಕಡೆ ಬಿಳಿಚಿ ಸುಕ್ಕಾಗಿತ್ತು. "ಬಿಸಿ ಕಾಫಿ ಕುಡ್ದು ಸುಟ್ಕೊಂಡ್ಬುಟ್ಟೆ" ಅಂದಳು. ಅಲ್ಲಿಂದಲೂ ಮರದ ಕಡ್ಡಿಯಲ್ಲಿ ಕೆರೆದುಕೊಂಡೆ. ಕಡ್ಡಿ ತೆಗೆದ ಕೂಡಲೇ ಅವ್ವ, "ಏನೇ, ಬ್ರಹ್ಮಾಂಡ ಕಾಣಿಸ್ತಾ?" ಎಂದು ಕೇಳಿ ಅತ್ತಿಗೆಯನ್ನು ನಗಿಸಿದಳು.

ಗಾಜುಗಳ ಮೇಲೆ ಬರೀ ನಂಬರಿರುತ್ತಿತ್ತು, ಯಾರದು ಯಾವುದು ಎಂದು ವಿಭಾಗದ ಮುಖ್ಯಸ್ಥೆ ನಮ್ಮ ಮೇಡಂಗೆ ಮಾತ್ರ ಗೊತ್ತು. ಮುಂದಿನ ವಾರ ಆ ಗಾಜುಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂತೆ. ದೋಸೆಯ ಹಾಗೆ ತೆಳ್ಳಗೆ ಹರಡಿದ ಕೋಶ, ನಡುವೆ ಸಾಸಿವೆಯಷ್ಟು ಬೀಜ. ಎಲ್ಲವೂ ಹಾಗೇ ಇದ್ದವು. ಆಮೇಲೆ ಒಂದು ಗಾಜಿನಲ್ಲಿ ಬೀಜಗಳು ಊದಿದ್ದವು, ಕಪ್ಪಾಗಿದ್ದವು, ಒಂದರ ಹಾಗೆ ಇನ್ನೊಂದಿರಲಿಲ್ಲ. ಅಷ್ಟೂ ಕಣ್ಣುಗಳು ಕೆಳಗಿನಿಂದ ನನ್ನನ್ನೇ ನೋಡುತ್ತಿವೆ ಅನ್ನಿಸಿ ತಲೆ ಹಿಂದಕ್ಕೆಳೆದುಕೊಂಡೆ.

"ಮೇಡಂ, ಯಾರೋ ರೋಗಿಯ ಗಾಜು ಇಲ್ಲಿ ಸೇರಿಕೊಂಡಿದೆ."

ಮೇಡಂ ನೋಡಿದರು. ನಂಬರನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಸೇರಿಕೊಂಡಿಲ್ಲ ಕಣಮ್ಮ. ಇದು ನಿಮ್ಮ ತಾಯಿದು."

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಮಾತು ಅವತ್ತು ನನಗೆ ಅಸಹ್ಯವಾಯಿತು. ಕೈಯಲ್ಲಿದ್ದ ಕೆಲಸ ಬಿಟ್ಟು ಆಟೋ ಹತ್ತಿ ಮನೆಗೆ ಬಂದೆ. ಮಧ್ಯಾಹ್ನದ ಹೊತ್ತು, ಎಲ್ಲರೂ ಮಲಗಿದ್ದರು. ಹಿತ್ತಲ ಕಡೆಯಿಂದ ಟಕ್, ಟಕ್. ಚಿಕ್ಕಂದಿನ ಹೆದರಿಕೆಯೆಲ್ಲ ಒಟ್ಟಿಗೆ ಮೈಮೇಲೆ ಬಂತು. ಆದರೂ ಹೋಗಿ ಬಚ್ಚಲಿನ ಬಾಗಿಲು ತಳ್ಳಿದೆ.

ಒಳಗಿದ್ದವಳು ಅವ್ವ. ಕೈಯಲ್ಲಿ ಅಜ್ಜಿಯ ಬೆಳ್ಳಿ ಡಬ್ಬಿ. ಮುಚ್ಚಳಕ್ಕೆ ಅಂಟಿದ ನಶ್ಯ ಉದುರಲೆಂದು ಉಗುರಿನಿಂದ ಎರಡು ಸಲ ಬಡಿದು ಆಗಷ್ಟೇ ತೆರೆದಿದ್ದಳು, ತೋರುಬೆರಳು ತುಟಿಯ ಹಿಂದಿತ್ತು. ನನ್ನನ್ನು ನೋಡಿಯೂ ಗಾಬರಿಯಾಗಲಿಲ್ಲ. ನಿಧಾನವಾಗಿ ತಿಕ್ಕಿ ಮುಗಿಸಿ, ಮುಚ್ಚಳ ಹಾಕಿ, ಮತ್ತೊಮ್ಮೆ ಬಡಿದಳು. ಟಕ್.

"ಕೇಳಿದ್ನಲ್ಲವ್ವ, ಹೊಗೆಸೊಪ್ಪು ಅಭ್ಯಾಸ ಇದೆಯಾ ಅಂತ!"

"ಇದು ನಶ್ಯ ಕಣೇ, ಹಲ್ಲಿಗೆ ಔಷಧಿ. ಈ ಮನೆಗೆ ಹೊಸದಾಗಿ ಬಂದಾಗ ಹಲ್ಲುನೋವು ಅಂತ ಅಳ್ತಿದ್ದೆ, ನಿಮ್ಮಜ್ಜಿ ಒಂಚೂರು ತಿಕ್ಕೋ ಅಂತ ಕೊಟ್ರು. ಹೋಗೋವಾಗ ಡಬ್ಬೀನೂ ನಂಗೇ ಕೊಟ್ಬುಟ್ರು."

ನಾನು ಕೂಗಾಡಿದೆ. ನಶ್ಯವೂ ಹೊಗೆಸೊಪ್ಪಿನ ಪುಡಿಯೇ ಅಂದೆ. ಅಜ್ಜಿಯ ಬಾಯಿಹುಣ್ಣು ಏನಾಗಿತ್ತು ಗೊತ್ತೇನವ್ವ ಅಂದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೋಡೆಗೆ ಒರಗಿ ನಿಂತಿದ್ದಳು. ನನಗೆ ಅಳು ಬಂತು.

ಬಿಳಿಚಿದ್ದ ಜಾಗವನ್ನು ಕುಯ್ದು ತೆಗೆದರು. ಇನ್ನೂ ಗಡಿ ದಾಟಿಲ್ಲ, ಆದರೆ ಮತ್ತೆ ಬರಬಹುದು, ನೋಡುತ್ತಲೇ ಇರಬೇಕು ಎಂದರು. ಅವ್ವ ಲಿಂಗ ಮುಟ್ಟಿ ಆಣೆ ಮಾಡಿ ನಶ್ಯ ಬಿಟ್ಟಳು, ಆಣೆ ಮುರಿಯಲೂ ಇಲ್ಲ. ಮದುವೆಯಾಗಿ ಅದೇ ಊರಿನ ವಿಜಯನಗರ ಬಡಾವಣೆಗೆ ಹೋದ ನಾನು ಬೆಳಿಗ್ಗೆಯೋ ಸಂಜೆಯೋ ಬಂದು ನೋಡಿಕೊಂಡು ಹೋಗುತ್ತಿದ್ದೆ. ಆಗಾಗ ಅವ್ವನ ಬಾಯಿಂದ ಕೆರೆದು ತಂದರೂ ಗಾಜನ್ನು ನೋಡುವ ಧೈರ್ಯ ನನಗಿರಲಿಲ್ಲ, ಮೇಡಂ ನೋಡುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ದಿನ ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ನಕ್ಕರು. "ಎಲ್ಲ ಅಚ್ಚುಕಟ್ಟಾಗಿದೆ. ಇನ್ನು ನೆಮ್ಮದಿಯಾಗಿರಮ್ಮ."

ರಸಬಾಳೆ ಕಟ್ಟಿಸಿಕೊಂಡು ನೇರ ಯಾದವಗಿರಿಗೆ ಓಡಿದೆ. ಮಧ್ಯಾಹ್ನವಾಗಿತ್ತು. ಅವ್ವ ಎದುರಿಗೆ ಕೂತು ಹಣ್ಣು ಸುಲಿಯುತ್ತಿದ್ದಳು. ಅವಳ ಎರಡು ಕೈಗಳೂ ನನ್ನ ಕಣ್ಣ ಮುಂದೆಯೇ ಇದ್ದವು.

ಬಚ್ಚಲುಮನೆಯಿಂದ ಕೇಳಿಸಿತು. ಟಕ್, ಟಕ್. ಸ್ವಲ್ಪ ಬಿಟ್ಟು, ಟಕ್.

"ಅವ್ವ..."

ಅವಳು ತಲೆಯೆತ್ತಲಿಲ್ಲ. "ಅಜ್ಜಿ ಕಣೇ, ಸುಮ್ನಿರು" ಅಂದಳು. ನಾನು ನೋಡುತ್ತಲೇ ಇದ್ದೆ. ಕೊನೆಗೆ ದನಿ ತಗ್ಗಿಸಿ, "ಹಲ್ಲುನೋವು ಅಂತ ಅಳ್ತಿದ್ಲು. ನಾನು ಬುಟ್ಮೇಲೆ ಅವಳಿಗೇ ಕೊಟ್ಟೆ. ಅತ್ತೆ ಕೊಟ್ಟಿದ್ದ ಬೆಳ್ಳಿ ಡಬ್ಬಿ, ಎಸೆಯಕ್ಕಾಗುತ್ತಾ?" ಅಂದಳು.

ಬಚ್ಚಲಿನ ಬಾಗಿಲು ತೆರೆಯಿತು. ಹೊರಗೆ ಬಂದ ಅತ್ತಿಗೆ ನನ್ನನ್ನು ನೋಡಿ ತುಟಿ ಬಿಚ್ಚದೆ ನಕ್ಕರು.

"ಬಾಯಿ ತೆಗೀರಿ ಅತ್ತಿಗೆ" ಅಂದೆ.

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.